ಪೋಸ್ಟರ್ ಗೋಡೆಗೇರುವ ಮೊದಲು ಅರ್ಜಿ ಚೆನ್ನೈ ತಲುಪಲಿ

ಪ್ರಶ್ನೆ: ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನಮ್ಮೂರು ಪಾವಗಡದ ಕಡೆ; ಕೊಳವೆಬಾವಿಯ ಫ್ಲೋರೈಡ್ ನೀರು ಏನು ಮಾಡುತ್ತದೆ ಎಂಬುದನ್ನು ನೋಡಿಕೊಂಡೇ ಬೆಳೆದವಳು. ಹೊಸದೊಂದು ಬಣ್ಣದ ಸಂಯುಕ್ತ ತಯಾರಿಸಿ, ಅದನ್ನು ಜಿರ್ಕೋನಿಯಂ ಲವಣದೊಂದಿಗೆ ಫಿಲ್ಟರ್ ಪೇಪರಿಗೆ ಹಚ್ಚಿ ಒಣಗಿಸಿದ್ದೇನೆ. ಫ್ಲೋರೈಡ್ ಇರುವ ನೀರಿಗೆ ಅದ್ದಿದರೆ ಕೆಂಪು ಪಟ್ಟಿ ಹಳದಿಯಾಗುತ್ತದೆ. ನೀರಿನಲ್ಲಿ ಫಾಸ್ಫೇಟ್ ಇದ್ದರೂ ಬಣ್ಣ ತಪ್ಪುವುದಿಲ್ಲ. ಇನ್ನು ಮೂರು ವಾರಕ್ಕೆ ಸಮ್ಮೇಳನದಲ್ಲಿ ಪೋಸ್ಟರ್ ಇದೆ, ಸಾರಾಂಶ ಕಳುಹಿಸಿಯಾಗಿದೆ. ಮೊದಲು ಪ್ರಬಂಧ ಪ್ರಕಟವಾಗಲಿ ಎಂದು ಮಾರ್ಗದರ್ಶಕರು, ಹಾಗೆ ಮಾಡಿದರೆ ಪೇಟೆಂಟ್ ಕೈತಪ್ಪುತ್ತದೆ ಎಂದು ಗೆಳತಿ. ಪೇಟೆಂಟ್ ಬಂದರೆ ಅದು ನನ್ನದೋ ವಿಶ್ವವಿದ್ಯಾಲಯದ್ದೋ? ಖರ್ಚೆಷ್ಟು? ಇದರಿಂದ ಯಾರಿಗಾದರೂ ಉಪಯೋಗವಿದೆಯೇ? ಒಂದು ಸಂಸ್ಥೆಯವರು ತಿಂಗಳೊಳಗೆ ಪೇಟೆಂಟ್ ಪ್ರಕಟ ಮಾಡಿಸಿಕೊಡುತ್ತೇವೆ ಎಂದು ಫೋನ್ ಮಾಡುತ್ತಿದ್ದಾರೆ, ಒಪ್ಪಿಕೊಳ್ಳಲೇ?

ಉತ್ತರ: ನೀವು ಕೇಳಿರುವ ಇಷ್ಟು ಪ್ರಶ್ನೆಗಳಲ್ಲಿ ಗಡುವು ಇರುವುದು ಒಂದಕ್ಕೆ ಮಾತ್ರ. ಆದ್ದರಿಂದ ಪೋಸ್ಟರಿನಿಂದಲೇ ಆರಂಭಿಸುತ್ತೇನೆ.

ನಿಮ್ಮ ಗೆಳತಿ ಹೇಳಿದ್ದು ಸರಿ. ಅರ್ಜಿ ಸಲ್ಲಿಸುವ ದಿನದವರೆಗೆ ಆ ವಿಷಯ ಜಗತ್ತಿನ ಯಾವ ಮೂಲೆಯಲ್ಲಿಯೂ ಬಹಿರಂಗವಾಗಿರಬಾರದು. ಬಹಿರಂಗ ಮಾಡಿದವರು ಸ್ವತಃ ನೀವೇ ಆಗಿದ್ದರೂ ಕಾನೂನು ರಿಯಾಯಿತಿ ಕೊಡುವುದಿಲ್ಲ. ಮಾರ್ಗದರ್ಶಕರು ಹೇಳಿದ್ದೂ ತಪ್ಪಲ್ಲ. ಪ್ರಬಂಧ ಬರಲೇಬೇಕು, ನಿಮ್ಮ ಪದವಿಗೆ ಅದು ಬೇಕು. ಎರಡರಲ್ಲಿ ಒಂದನ್ನು ಬಿಡಬೇಕಾದ ಸಂದರ್ಭ ಇದಲ್ಲ, ಯಾವುದು ಮೊದಲು ಎಂಬುದಷ್ಟೇ ವಿಷಯ. ಸೋಮವಾರ ಅರ್ಜಿ ಸಲ್ಲಿಕೆಯಾದರೆ ಮಂಗಳವಾರ ಪೋಸ್ಟರ್ ಅಂಟಿಸಬಹುದು, ಬುಧವಾರ ಪ್ರಬಂಧ ಕಳುಹಿಸಬಹುದು. ಈ ಕ್ರಮ ಒಂದು ದಿನದ ಮಟ್ಟಿಗೆ ತಿರುವುಮುರುವಾದರೂ ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಕಳುಹಿಸಿದ ಸಾರಾಂಶವನ್ನು ಇವತ್ತೇ ತೆಗೆದು ಓದಿ. ಅದರಲ್ಲಿ ಸಂಯುಕ್ತದ ರಚನೆ ಇದೆಯೇ? ಜಿರ್ಕೋನಿಯಂ ಎಂಬ ಪದ ಇದೆಯೇ? ಫಾಸ್ಫೇಟಿನ ಅಡ್ಡಿಯನ್ನು ಹೇಗೆ ತಪ್ಪಿಸಿದಿರಿ ಎಂದು ಬರೆದಿದ್ದೀರಾ? "ಕುಡಿಯುವ ನೀರಿನ ಫ್ಲೋರೈಡ್ ಪತ್ತೆಗೆ ಹೊಸ ಕಾಗದದ ಪಟ್ಟಿ" ಎಂಬಷ್ಟೇ ಇದ್ದರೆ ನಷ್ಟ ಕಡಿಮೆ, ಏಕೆಂದರೆ ಅದನ್ನು ಓದಿ ಯಾರೂ ನಿಮ್ಮ ಪಟ್ಟಿ ಮಾಡಲಾರರು. ರಚನೆಯೇ ಇದ್ದರೆ, ಸಾರಾಂಶಗಳ ಪುಸ್ತಕ ಮುದ್ರಣಕ್ಕೋ ಜಾಲತಾಣಕ್ಕೋ ಹೋಗುವ ಮೊದಲು ಬದಲಾಯಿಸಿಕೊಡಿ ಎಂದು ಸಂಘಟಕರಿಗೆ ಪತ್ರ ಬರೆಯಿರಿ. ಅನೇಕ ಸಮ್ಮೇಳನಗಳಲ್ಲಿ ಈ ಪುಸ್ತಕ ಪೋಸ್ಟರಿಗಿಂತ ವಾರ ಮೊದಲೇ ಹೊರಬರುತ್ತದೆ. ನಿಮ್ಮ ಗಡುವು ಮೂರು ವಾರವಲ್ಲ, ಆ ಪುಸ್ತಕದ ದಿನಾಂಕ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಹಾಲಿಗೆ ಯೂರಿಯಾ ಬೆರೆಸಿದ್ದನ್ನು ಪತ್ತೆ ಮಾಡುವ ಒಂದು ಅರ್ಜಿ ನನ್ನ ಕೈಯಲ್ಲಿತ್ತು. ಕೆಲಸ ಚೆನ್ನಾಗಿತ್ತು, ವಿದ್ಯಾರ್ಥಿ ಚುರುಕಾಗಿದ್ದ. ಪೇಟೆಂಟ್ ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂದಾಗ ಅದರಲ್ಲಿ ನಮ್ಮ ವಿರುದ್ಧ ಎತ್ತಿ ತೋರಿಸಿದ್ದು ಜರ್ಮನಿಯ ಪೇಟೆಂಟೂ ಅಲ್ಲ, ಅಮೆರಿಕದ ಪ್ರಬಂಧವೂ ಅಲ್ಲ. ಅವರದೇ ಕಾಲೇಜಿನ ಸ್ಮರಣ ಸಂಚಿಕೆ. ಅರ್ಜಿಗಿಂತ ಐದು ತಿಂಗಳು ಮೊದಲೇ ಅದನ್ನು ಕಾಲೇಜಿನ ಜಾಲತಾಣಕ್ಕೆ ಏರಿಸಿದ್ದರು. ಒಂದು ಪುಟದಲ್ಲಿ ಆ ಹುಡುಗ ಸ್ಟೀಲ್ ಲೋಟ ಹಿಡಿದು ನಗುತ್ತಿರುವ ಚಿತ್ರ, ಅದರ ಕೆಳಗೆ ಯಾವ ಸೂಚಕ, ಎಷ್ಟು ಹನಿ, ಎಷ್ಟು ನಿಮಿಷ ಕಾಯಬೇಕು ಎಲ್ಲವೂ. ಪ್ರಾಂಶುಪಾಲರು ಪ್ರೀತಿಯಿಂದ ಹಾಕಿಸಿದ ಪುಟ ಅದು. ಎಲ್ಲಿಯಾದರೂ ಬರೆದಿದ್ದೀಯಾ, ತೋರಿಸಿದ್ದೀಯಾ ಎಂದು ನಾನು ಅವನನ್ನು ಬಿಡಿಬಿಡಿಯಾಗಿ ಕೇಳಬೇಕಿತ್ತು. ಪ್ರಬಂಧ ಕಳುಹಿಸಿಲ್ಲ ತಾನೆ ಎಂದಷ್ಟೇ ಕೇಳಿದ್ದೆ. ಅಂದಿನಿಂದ ಯಾರೇ ಬಂದರೂ ಸ್ಮರಣ ಸಂಚಿಕೆ, ವಿಜ್ಞಾನ ಮೇಳ, ಪತ್ರಿಕೆಯ ವರದಿ, ವಾಟ್ಸ್ಆ್ಯಪ್ ಗುಂಪು ಎಲ್ಲವನ್ನೂ ಹೆಸರಿಟ್ಟು ಕೇಳುತ್ತೇನೆ. ನೀವೂ ನಿಮ್ಮನ್ನೇ ಹಾಗೆ ಕೇಳಿಕೊಳ್ಳಿ.

ಪೇಟೆಂಟ್ ಕಾಯ್ದೆಯ ಸೆಕ್ಷನ್ 31ರಲ್ಲಿ ಹನ್ನೆರಡು ತಿಂಗಳ ವಿನಾಯಿತಿ ಇದೆಯಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ಇದೆ, ಆದರೆ ಕಿಂಡಿ ಬಹಳ ಕಿರಿದು. ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಆವಿಷ್ಕಾರಕರು ಓದಿದ ಪ್ರಬಂಧ, ಆ ಸಂಘದ ನಡಾವಳಿಯಲ್ಲಿ ಬಂದ ಪ್ರಕಟಣೆ, ಇಂಥವಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಸಾಮಾನ್ಯ ನಿಯತಕಾಲಿಕದ ಪ್ರಬಂಧಕ್ಕೆ ಅದರ ಆಸರೆ ಇಲ್ಲ. ಅಮೆರಿಕದಲ್ಲಿ ಆವಿಷ್ಕಾರಕರ ಸ್ವಂತ ಪ್ರಕಟಣೆಗೆ ಒಂದು ವರ್ಷದ ಅವಕಾಶವಿದೆ. ಯುರೋಪಿನಲ್ಲಿ ಅದೂ ಇಲ್ಲವೆಂದೇ ತಿಳಿಯಬೇಕು. ಈ ಕಿಂಡಿಯನ್ನು ನಂಬಿಕೊಂಡು ಪೋಸ್ಟರ್ ಹಾಕಬೇಡಿ. ಅಂದ ಹಾಗೆ, ಪಿಎಚ್.ಡಿ. ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ನಿಮ್ಮ ಮಹಾಪ್ರಬಂಧ ಏರಿದ ದಿನ ಅದೂ ಬಹಿರಂಗವೇ. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಮೂರು ವಾರದಲ್ಲಿ ಆಗುವ ಕೆಲಸವೇ ಇದು ಎಂದರೆ ಆಗುತ್ತದೆ, ಪ್ರಾವಿಷನಲ್ ಅರ್ಜಿಯ ಮೂಲಕ. ಇದು ದಿನಾಂಕವನ್ನು ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ಅರ್ಜಿ. ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಕರ್ನಾಟಕದವರ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ, ಎಲ್ಲವೂ ಆನ್‌ಲೈನ್. ಆದರೆ ಪ್ರಾವಿಷನಲ್ ಎಂದರೆ ಎರಡು ಪುಟ ಗೀಚಿ ಕಳುಹಿಸುವುದು ಎಂದು ಭಾವಿಸಬೇಡಿ. ಅದರಲ್ಲಿ ಬರೆದದ್ದಕ್ಕೆ ಮಾತ್ರ ಆ ದಿನಾಂಕ ಸಿಗುತ್ತದೆ. ಸಂಯುಕ್ತವನ್ನು ಯಾವುದರಿಂದ ಹೇಗೆ ತಯಾರಿಸಿದಿರಿ, ಅದರ ರಚನೆಯನ್ನು ಖಚಿತಪಡಿಸುವ ಎನ್ಎಂಆರ್ ಮತ್ತು ಮಾಸ್ ಸ್ಪೆಕ್ಟ್ರಂ, ಯಾವ ಜಿರ್ಕೋನಿಯಂ ಲವಣ, ಎಷ್ಟು ಸಾಂದ್ರತೆ, ಯಾವ ಆಮ್ಲ, ಯಾವ ಕಾಗದ, ಎಷ್ಟು ಹೊತ್ತು ಅದ್ದಿ ಎಷ್ಟು ಉಷ್ಣತೆಯಲ್ಲಿ ಒಣಗಿಸಿದಿರಿ, ಎಲ್ಲ ಬರೆಯಿರಿ. ಸೋತ ಪ್ರಯೋಗಗಳನ್ನೂ ಬರೆಯಿರಿ. ಯಾವ ಕಾಗದದಲ್ಲಿ ಬಣ್ಣ ಹರಡಿತು ಎಂಬುದು ಯಾವ ಕಾಗದ ಏಕೆ ಬೇಕು ಎಂಬುದನ್ನು ಹೇಳುತ್ತದೆ.

ಈಗ ಇಡೀ ವಿಷಯದ ತಿರುಳಿಗೆ ಬರೋಣ. ನಿಮ್ಮ ಕೈಯಲ್ಲಿರುವುದರಲ್ಲಿ ಹೊಸದು ಯಾವುದು?

ಜಿರ್ಕೋನಿಯಂ ಮತ್ತು ಅಲಿಜರಿನ್ ಎಂಬ ಬಣ್ಣದ ಸಂಯುಕ್ತ ಸೇರಿದ ಕೆಂಪು ಬಣ್ಣವನ್ನು ಫ್ಲೋರೈಡ್ ಕೆಡಿಸಿ ಹಳದಿ ಮಾಡುತ್ತದೆ ಎಂಬುದು ಸುಮಾರು ನೂರು ವರ್ಷದ ಹಳೆಯ ಸಂಗತಿ. ಫ್ಲೋರೈಡ್ ಅಯಾನು ಜಿರ್ಕೋನಿಯಂ ಅನ್ನು ಬಣ್ಣದಿಂದ ಕಿತ್ತುಕೊಂಡು ತನ್ನೊಂದಿಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ, ಒಂಟಿಯಾದ ಬಣ್ಣ ತನ್ನ ಸ್ವಂತ ಹಳದಿಗೆ ಮರಳುತ್ತದೆ. ಇದೇ ತತ್ವದ ಸ್ಪ್ಯಾಡ್ನ್ಸ್ ವಿಧಾನವನ್ನು ನೀರಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಸುತ್ತಾರೆ. ಹಾಗಾಗಿ "ಕೆಂಪು ಹೋಗಿ ಹಳದಿ ಬಂತು" ಎಂಬುದು ನಿಮ್ಮ ಆವಿಷ್ಕಾರವಲ್ಲ. ಪತ್ರದಲ್ಲಿ ನೀವು ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತು ನನ್ನನ್ನು ತಡೆದು ನಿಲ್ಲಿಸಿತು: ಫಾಸ್ಫೇಟ್ ಇದ್ದರೂ ಬಣ್ಣ ತಪ್ಪುವುದಿಲ್ಲ. ಈ ವಿಧಾನದ ಹಳೆಯ ರೋಗವೇ ಅದು. ಫಾಸ್ಫೇಟ್ ಕೂಡ ಜಿರ್ಕೋನಿಯಂ ಅನ್ನು ಹಿಡಿಯುತ್ತದೆ. ಅಲ್ಯೂಮಿನಿಯಂ ತಾನೇ ಫ್ಲೋರೈಡನ್ನು ಹಿಡಿದು ಕೂರುತ್ತದೆ. ಇದ್ದದ್ದು ಇಲ್ಲವೆಂದೂ, ಇಲ್ಲದ್ದು ಇದೆಯೆಂದೂ ಕಾಣುವುದು ಇದರಿಂದಲೇ. ನಿಮ್ಮ ಸಂಯುಕ್ತದ ಯಾವ ಭಾಗ ಫಾಸ್ಫೇಟನ್ನು ದೂರ ಇಡುತ್ತಿದೆ? ಅದನ್ನು ನೀವು ತೋರಿಸಬಲ್ಲಿರಾದರೆ ಪೇಟೆಂಟಿಗೆ ಬೇಕಾದ "ಆವಿಷ್ಕಾರದ ಹೆಜ್ಜೆ" ಅಲ್ಲಿಯೇ ಇದೆ. ಹಳೆಯ ಬಣ್ಣ, ನಿಮ್ಮ ಬಣ್ಣ ಎರಡನ್ನೂ ಅಕ್ಕಪಕ್ಕ ಇಟ್ಟು, ಅದೇ ಬಾವಿಯ ನೀರಿನಲ್ಲಿ, ಅದೇ ಫಾಸ್ಫೇಟಿನ ಪ್ರಮಾಣದಲ್ಲಿ ಮಾಡಿದ ಕೋಷ್ಟಕ ನಿಮ್ಮ ಅರ್ಜಿಯ ಬೆನ್ನೆಲುಬು. ಅದು ಇಲ್ಲದಿದ್ದರೆ ಈ ವಾರವೇ ಮಾಡಿ.

ಹೊಸದು ಯಾವುದೆಂದು ಗೊತ್ತಾದ ಮೇಲೆ ಅದನ್ನು ಕ್ಲೇಮುಗಳಾಗಿ ಬರೆಯಬೇಕು. ಕ್ಲೇಮು ಎಂದರೆ ಹೊಲದ ಬದು ಇದ್ದ ಹಾಗೆ. ಬದುವಿನ ಒಳಗಿನದು ಮಾತ್ರ ನಿಮ್ಮದು. ನಿಮ್ಮ ಕೆಲಸದಲ್ಲಿ ನಾಲ್ಕು ಬದು ಹಾಕಬಹುದು. ಸಂಯುಕ್ತ, ಅದನ್ನು ತಯಾರಿಸುವ ಪ್ರಕ್ರಿಯೆ, ಸಂಯುಕ್ತ ಹಚ್ಚಿದ ಪಟ್ಟಿ, ಪಟ್ಟಿಯಿಂದ ಫ್ಲೋರೈಡ್ ಅಳೆಯುವ ವಿಧಾನ. ಸಂಶೋಧಕರು ಸಾಮಾನ್ಯವಾಗಿ ಕೊನೆಯದನ್ನು ಮೊದಲು ಬರೆಯುತ್ತಾರೆ, ಏಕೆಂದರೆ ಪ್ರಬಂಧದ ಶೀರ್ಷಿಕೆಯಲ್ಲಿ ಇರುವುದು ವಿಧಾನವೇ. ರಾಸಾಯನಿಕ ವಿಶ್ಲೇಷಣೆಯ ಪೇಟೆಂಟುಗಳಲ್ಲಿ ಇದು ದೊಡ್ಡ ಎಡವಟ್ಟು. ವಿಧಾನ ನಡೆಯುವುದು ಯಾರದೋ ಪ್ರಯೋಗಾಲಯದ ನಾಲ್ಕು ಗೋಡೆಯೊಳಗೆ. ನಿಮ್ಮ ವಿಧಾನವನ್ನು ಯಾರೋ ಹೇಳದೆ ಕೇಳದೆ ಬಳಸಿದರೆ ನಿಮಗೆ ತಿಳಿಯುವುದಾದರೂ ಹೇಗೆ? ಪಟ್ಟಿ ಹಾಗಲ್ಲ, ಅದು ಅಂಗಡಿಯಲ್ಲಿ ಮಾರಾಟವಾಗುತ್ತದೆ, ಕೊಂಡು ತಂದು ಪರೀಕ್ಷಿಸಬಹುದು. ಕಣ್ಣಿಗೆ ಕಾಣುವ ವಸ್ತುವಿನ ಮೇಲೆ ಮೊದಲ ಬದು ಹಾಕಿ.

ಇದಕ್ಕೆ ನಾನು ಎಲ್ಲರಿಗೂ ಹೇಳುವ ಉದಾಹರಣೆ ಆರ್ನಾಲ್ಡ್ ಬೆಕ್ಮನ್ ಅವರದು. 1934ರಲ್ಲಿ ಅವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. ನಿಂಬೆ, ಕಿತ್ತಳೆ ಬೆಳೆಗಾರರ ಸಂಘದಲ್ಲಿದ್ದ ಗೆಳೆಯರೊಬ್ಬರು ನಿಂಬೆರಸದ ಆಮ್ಲತೆ ಅಳೆಯಲಾಗದೆ ಅವರ ಬಳಿ ಬಂದರು. ರಸಕ್ಕೆ ಹಾಕಿದ ಸಲ್ಫರ್ ಡೈಆಕ್ಸೈಡ್ ಇತರ ವಿಧಾನಗಳನ್ನು ಕೆಡಿಸುತ್ತಿತ್ತು. ಗಾಜಿನ ಎಲೆಕ್ಟ್ರೋಡ್ ಸರಿಯಾಗಿ ಕೆಲಸ ಮಾಡುತ್ತಿತ್ತು, ಆದರೆ ಅದರ ವಿದ್ಯುತ್ ಸಂಕೇತ ಎಷ್ಟು ಕ್ಷೀಣವೆಂದರೆ ಅದನ್ನು ಓದುವ ಮೀಟರು ಮುಟ್ಟಿದರೆ ಕೆಡುವಂಥದ್ದು. ಬೆಕ್ಮನ್ ನಿರ್ವಾತ ಕೊಳವೆಯ ವರ್ಧಕ ಕಟ್ಟಿ, ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟರು. ಆಮ್ಲತೆಯ ಸಿದ್ಧಾಂತ ಹಳೆಯದು, ಗಾಜಿನ ಎಲೆಕ್ಟ್ರೋಡೂ ಹಳೆಯದು. 1936ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿದ್ದು ಆಮ್ಲತೆ ಪರೀಕ್ಷಿಸುವ ಆ ಉಪಕರಣಕ್ಕೆ. ಇಂದು ನಿಮ್ಮ ಪ್ರಯೋಗಾಲಯದ ಮೇಜಿನ ಮೇಲಿರುವ ಪಿಎಚ್ ಮೀಟರ್ ಅದರ ವಂಶದ್ದು.

ನಮ್ಮ ಕಾಯ್ದೆಯಲ್ಲಿ ರಸಾಯನಶಾಸ್ತ್ರದವರು ಎಡವುವ ಕಲ್ಲುಗಳು ಹೆಚ್ಚಾಗಿ ಸೆಕ್ಷನ್ 3ರಲ್ಲಿವೆ. ಗೊತ್ತಿರುವ ವಸ್ತುವಿಗೆ ಹೊಸ ಗುಣ ಅಥವಾ ಹೊಸ ಬಳಕೆ ಕಂಡುಹಿಡಿದ ಮಾತ್ರಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ 3(ಡಿ). ಅಂದರೆ ನಿಮ್ಮ ಬಣ್ಣ ಈ ಮೊದಲೇ ಜವಳಿಗೋ ಔಷಧಿಗೋ ಯಾರೋ ತಯಾರಿಸಿದ ಸಂಯುಕ್ತವಾಗಿದ್ದರೆ, ಫ್ಲೋರೈಡಿಗೆ ಮೊದಲು ಬಳಸಿದವರು ನೀವೇ ಆದರೂ ಆ ಬಳಕೆಗೆ ಪೇಟೆಂಟ್ ಸಿಗದು. ಎರಡು ವಸ್ತು ಬೆರೆಸಿದಾಗ ಅವುಗಳ ಗುಣಗಳ ಬರೀ ಮೊತ್ತ ಬಂದರೆ 3(ಇ) ಅಡ್ಡ ಬರುತ್ತದೆ; ಬೆರೆತಾಗ ಎರಡಕ್ಕೂ ಇಲ್ಲದ ಹೊಸ ಪರಿಣಾಮ ಹುಟ್ಟಿತು ಎಂದು ಅಂಕಿಗಳಲ್ಲಿ ತೋರಿಸಬೇಕು. ಇನ್ನು 3(ಐ). ಮನುಷ್ಯರ, ಪ್ರಾಣಿಗಳ ರೋಗ ಪತ್ತೆಯ ಪ್ರಕ್ರಿಯೆಗೆ ಪೇಟೆಂಟ್ ಇಲ್ಲ. ನಿಮ್ಮ ಪಟ್ಟಿ ಮೂತ್ರದಲ್ಲಿಯೂ ಫ್ಲೋರೈಡ್ ತೋರಿಸುತ್ತದೆ, ಅದರಿಂದ ಹಲ್ಲು, ಮೂಳೆ ಕೆಡಿಸುವ ಫ್ಲೋರೋಸಿಸ್ ರೋಗವನ್ನು ಗುರುತಿಸಬಹುದು ಎಂಬ ಕ್ಲೇಮು ಸೇರಿಸಲು ಆಸೆಯಾಗುತ್ತದೆ. ಸೇರಿಸಬೇಡಿ. ನೀರಿನ ಕೆಲಸಕ್ಕೆ ಆ ತೊಡಕೇ ಇಲ್ಲ, ಇರುವ ಸುಗಮ ದಾರಿಗೆ ನೀವೇ ಮುಳ್ಳು ಹಾಕಿಕೊಳ್ಳಬೇಡಿ.

ಇನ್ನೊಂದು ಎಚ್ಚರ. ನಿಮ್ಮ ಸಂಯುಕ್ತದಲ್ಲಿ ಒಂದು ಮೀಥೈಲ್ ಗುಂಪು ಇದೆ ಎಂದುಕೊಳ್ಳಿ. ಕ್ಲೇಮಿನಲ್ಲಿ ಆ ಒಂದೇ ಸಂಯುಕ್ತವನ್ನು ಬರೆದರೆ, ಪೇಟೆಂಟ್ ಪ್ರಕಟವಾದ ಮರುದಿನ ಇನ್ನೊಬ್ಬರು ಮೀಥೈಲ್ ತೆಗೆದು ಈಥೈಲ್ ಹಾಕಿ, ನಿಮ್ಮ ಬದುವಿನ ಪಕ್ಕದಲ್ಲೇ ನಡೆದು ಹೋಗುತ್ತಾರೆ. ಹಾಗೆಂದು ನೂರು ಸಂಯುಕ್ತಗಳ ಕುಟುಂಬವನ್ನೇ ಬರೆದುಕೊಂಡರೆ, ಒಂದನ್ನು ಮಾಡಿ ನೂರು ಕೇಳುತ್ತಿದ್ದೀರಿ ಎಂದು ಪರೀಕ್ಷಕರು ಆಕ್ಷೇಪಿಸುತ್ತಾರೆ. ಇನ್ನೂ ಮೂರು ನಾಲ್ಕು ಸಂಬಂಧಿ ಸಂಯುಕ್ತಗಳನ್ನು ತಯಾರಿಸಿ, ಅವೂ ಫಾಸ್ಫೇಟನ್ನು ತಡೆಯುತ್ತವೆ ಎಂದು ತೋರಿಸಿದರೆ ಕುಟುಂಬವನ್ನು ಕೇಳುವ ಹಕ್ಕು ಬರುತ್ತದೆ. ಪ್ರಾವಿಷನಲ್ ಕೊಡುವ ಹನ್ನೆರಡು ತಿಂಗಳು ಇಂಥ ಕೆಲಸಕ್ಕೆ ಸದುಪಯೋಗವಾಗಲಿ. ಒಂದು ಸೂಕ್ಷ್ಮವಿದೆ: ಪ್ರಾವಿಷನಲ್‌ನಲ್ಲಿ ಇಲ್ಲದೆ ಆಮೇಲೆ ಸೇರಿದ ಸಂಬಂಧಿಗಳಿಗೆ ಪೂರ್ಣ ವಿವರಣೆಯ ದಿನಾಂಕವೇ ಗತಿ. ಅಷ್ಟರಲ್ಲಿ ನಿಮ್ಮದೇ ಪೋಸ್ಟರು, ಪ್ರಬಂಧ ಬಹಿರಂಗವಾಗಿ ಅವು ಎದುರು ನಿಲ್ಲಬಹುದು. ಆದ್ದರಿಂದ ಮಾಡಬೇಕೆಂದಿರುವ ಸಂಬಂಧಿಗಳ ಸಾಮಾನ್ಯ ರಚನೆಯನ್ನೂ ಮೊದಲ ಅರ್ಜಿಯಲ್ಲೇ ಬರೆದಿಡಿ.

ಮೊದಲೇ ಯಾರಾದರೂ ಮಾಡಿದ್ದಾರೆಯೇ ಎಂದು ಹುಡುಕುವುದು ನಿಮ್ಮ ಕೈಯಲ್ಲೇ ಇದೆ. ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್ ಎಂಬ ಜಾಲತಾಣಗಳು, ಭಾರತದ ಪೇಟೆಂಟ್ ಕಚೇರಿಯ ಹುಡುಕಾಟ ತಾಣ, ಎಲ್ಲವೂ ಉಚಿತ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಪೇಟೆಂಟುಗಳನ್ನು ಮಾತ್ರ ನೋಡಿದರೆ ಸಾಲದು, ಹಳೆಯ ಪ್ರಬಂಧಗಳನ್ನೂ ನೋಡಬೇಕು. ಅರಿಶಿನದಿಂದ ಗಾಯ ಮಾಯುತ್ತದೆ ಎಂದು ಅಮೆರಿಕದ ಮಿಸ್ಸಿಸ್ಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ಸಿಕ್ಕ ಪೇಟೆಂಟನ್ನು ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್ಐಆರ್ ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿದ್ದು ಹಳೆಯ ಗ್ರಂಥಗಳ ಜೊತೆಗೆ 1953ರಲ್ಲಿ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಬಂಧವನ್ನೂ ಮುಂದಿಟ್ಟು. ದೊಡ್ಡ ವಿಶ್ವವಿದ್ಯಾಲಯದ ಪೇಟೆಂಟೂ ಒಂದು ಹಳೆಯ ಹಾಳೆಯ ಮುಂದೆ ನಿಲ್ಲುವುದಿಲ್ಲ.

ಮಾಲೀಕರು ಯಾರು ಎಂದು ಕೇಳಿದ್ದೀರಿ. ಇಲ್ಲಿ ನಾನು ನಿಧಾನವಾಗಿ ಹೇಳಬೇಕು, ಏಕೆಂದರೆ ಮನಸ್ಸುಗಳು ಮುರಿಯುವುದು ಇಲ್ಲಿಯೇ.

ಜಾನ್ ಫೆನ್ ಎಂಬ ಹೆಸರನ್ನು ನೀವು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿಯ ಪಾಠದಲ್ಲಿ ಕೇಳಿರುತ್ತೀರಿ. ಪ್ರೋಟೀನಿನಂಥ ಬೃಹತ್ ಅಣುಗಳನ್ನು ಒಡೆಯದಂತೆ ಹನಿಹನಿಯಾಗಿ ಸಿಂಪಡಿಸಿ, ವಿದ್ಯುದಾವೇಶ ಕೊಟ್ಟು ಹಾರಿಸುವ ಎಲೆಕ್ಟ್ರೋಸ್ಪ್ರೇ ವಿಧಾನ ಅವರದು. ಅಣುಲೋಕದ ಆನೆಗಳಿಗೆ ರೆಕ್ಕೆ ಕಟ್ಟಿದ್ದು ಎಂದು ಅವರೇ ಅದನ್ನು ಬಣ್ಣಿಸುತ್ತಿದ್ದರು. ಆ ಕೆಲಸ ಅವರು ಮಾಡಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ. ಎಪ್ಪತ್ತು ತುಂಬಿದ ಮೇಲೆ ಯೇಲ್‌ನ ನಿಯಮದಂತೆ ಅವರು ನಿವೃತ್ತರಾಗಬೇಕಾಯಿತು. ಪ್ರಯೋಗಾಲಯ ಕುಗ್ಗಿತು, ಮನಸ್ಸಿಗೆ ನೋವಾಯಿತು, ಕೊನೆಗೆ ವರ್ಜೀನಿಯಾಕ್ಕೆ ಹೊರಟುಹೋದರು. ಈ ನಡುವೆ ಪೇಟೆಂಟಿಗೆ ತಮ್ಮದೇ ಹೆಸರಿನಲ್ಲಿ ಅರ್ಜಿ ಹಾಕಿದರು, 1992ರಲ್ಲಿ ಅದು ಸಿಕ್ಕಿತು, ತಮಗೆ ಪಾಲಿದ್ದ ಒಂದು ಕಂಪನಿಗೆ ಅದರ ಪರವಾನಗಿ ಕೊಟ್ಟರು. ವಿಶ್ವವಿದ್ಯಾಲಯ ಕೇಳಿದಾಗ ಇದಕ್ಕೆ ಹೆಚ್ಚಿನ ವಾಣಿಜ್ಯ ಬೆಲೆ ಇಲ್ಲವೆಂಬಂತೆ ಹೇಳಿದ್ದರು. ಜಗಳ ನ್ಯಾಯಾಲಯಕ್ಕೆ ಹೋಯಿತು. 2002ರಲ್ಲಿ ಇದೇ ಕೆಲಸಕ್ಕೆ ಅವರಿಗೆ ನೊಬೆಲ್ ಬಂತು. 2005ರಲ್ಲಿ ಇದೇ ಕೆಲಸದ ಪೇಟೆಂಟನ್ನು ಯೇಲ್‌ಗೆ ವರ್ಗಾಯಿಸಬೇಕೆಂದೂ, ವಕೀಲರ ಶುಲ್ಕವೂ ಸೇರಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೊಡಬೇಕೆಂದೂ ತೀರ್ಪು ಬಂತು. ಆಗ ಅವರಿಗೆ ಎಂಬತ್ತೇಳು ವರ್ಷ. ಆ ತೀರ್ಪಿನ ಸುದ್ದಿ ಓದಿದ ದಿನ ನನಗೆ ಆದ ಸಂಕಟ ಇನ್ನೂ ನೆನಪಿದೆ. ಆದರೂ ನನ್ನ ಬಳಿ ಬಂದವರಿಗೆ ನಾನು ಹೇಳುವುದು ಇಷ್ಟೇ: ಫೆನ್ ಅವರ ರಸಾಯನಶಾಸ್ತ್ರವನ್ನು ಅನುಸರಿಸಿ, ಅವರ ಅರ್ಜಿಯನ್ನು ಅನುಸರಿಸಬೇಡಿ.

ಅಮೆರಿಕದಲ್ಲಿ ಸರ್ಕಾರದ ಹಣದಿಂದ ಹುಟ್ಟಿದ ಆವಿಷ್ಕಾರ ವಿಶ್ವವಿದ್ಯಾಲಯಕ್ಕೆ ಸೇರಬಹುದು ಎಂದು 1980ರ ಬೇ-ಡೋಲ್ ಕಾಯ್ದೆ ದಾರಿ ಮಾಡಿತು. ನಮ್ಮಲ್ಲಿ ಅಂಥ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂದರೂ ಕಾಯ್ದೆಯಾಗಲಿಲ್ಲ. ಹಾಗಾಗಿ ಇಲ್ಲಿ ಉತ್ತರ ಇರುವುದು ನಿಮ್ಮ ವಿಶ್ವವಿದ್ಯಾಲಯದ ಬೌದ್ಧಿಕ ಆಸ್ತಿ ನೀತಿಯಲ್ಲಿ, ನಿಮ್ಮ ಫೆಲೋಶಿಪ್ಪಿನ ಷರತ್ತುಗಳಲ್ಲಿ, ಮಾರ್ಗದರ್ಶಕರ ಯೋಜನೆಗೆ ಹಣ ಕೊಟ್ಟ ಇಲಾಖೆಯ ಮಂಜೂರಾತಿ ಪತ್ರದಲ್ಲಿ. ಮೂರನ್ನೂ ಕೇಳಿ ಪಡೆದು ಓದಿ. ಸಾಮಾನ್ಯವಾಗಿ ಪೇಟೆಂಟಿನ ಮಾಲೀಕತ್ವ ವಿಶ್ವವಿದ್ಯಾಲಯದ್ದು, ಬಂದ ಆದಾಯದಲ್ಲಿ ಆವಿಷ್ಕಾರಕರಿಗೆ ಪಾಲು ಎಂದಿರುತ್ತದೆ. ಇದರಲ್ಲಿ ನಿಮಗೆ ಲಾಭವೂ ಇದೆ. ಖರ್ಚು ವಿಶ್ವವಿದ್ಯಾಲಯದ್ದು, ನಾಳೆ ಯಾರಾದರೂ ಉಲ್ಲಂಘಿಸಿದರೆ ಎದುರಿಸುವ ಹೊಣೆಯೂ ಅದರದ್ದು.

ಮಾಲೀಕರು ಬೇರೆ, ಆವಿಷ್ಕಾರಕರು ಬೇರೆ. ಮಾಲೀಕತ್ವ ಬರೆದುಕೊಡಬಹುದು, ಆವಿಷ್ಕಾರಕರ ಹೆಸರನ್ನು ಉಡುಗೊರೆಯಾಗಿ ಕೊಡುವಂತಿಲ್ಲ, ಕಿತ್ತುಕೊಳ್ಳುವಂತೆಯೂ ಇಲ್ಲ. ಆಲೋಚನೆಯಲ್ಲಿ ಪಾಲಿದ್ದವರು ಆವಿಷ್ಕಾರಕರು. ಜಿರ್ಕೋನಿಯಂ ಬಳಸೋಣ ಎಂದವರು ಮಾರ್ಗದರ್ಶಕರಾಗಿದ್ದರೆ ಅವರ ಹೆಸರು ಇರಲೇಬೇಕು, ಸಂತೋಷದಿಂದ ಹಾಕಿ. ಉಪಕರಣ ಬಳಸಲು ಬಿಟ್ಟರು ಎಂಬ ಕಾರಣಕ್ಕೆ ವಿಭಾಗದ ಮುಖ್ಯಸ್ಥರ ಹೆಸರು, ಎನ್ಎಂಆರ್ ತೆಗೆದುಕೊಟ್ಟ ತಾಂತ್ರಿಕ ಸಿಬ್ಬಂದಿಯ ಹೆಸರು ಸೇರಿಸುವಂತಿಲ್ಲ. ಅವರಿಗೆ ಪ್ರಬಂಧದಲ್ಲಿ ಕೃತಜ್ಞತೆ ಹೇಳಿ. ಪ್ರಬಂಧದ ಲೇಖಕರ ಸಾಲು ಬೇರೆ, ಇದು ಬೇರೆ. ಯಾರು ಮೊದಲು ಯಾರು ನಂತರ ಎಂಬ ಕ್ರಮಕ್ಕೆ ಪೇಟೆಂಟಿನಲ್ಲಿ ಬೆಲೆ ಇಲ್ಲ ಎಂದು ನಿಮ್ಮ ಮಾರ್ಗದರ್ಶಕರಿಗೂ ತಿಳಿಸಿದರೆ ಅರ್ಧ ಬಿಸಿ ಆರುತ್ತದೆ. ಯಾವ ದಿನ ಏನು ಮಾಡಿದಿರಿ, ಯಾರು ಏನು ಸೂಚಿಸಿದರು ಎಂಬುದು ಪುಟಸಂಖ್ಯೆಯಿರುವ, ಹೊಲಿದ ಲ್ಯಾಬ್ ನೋಟ್‌ಬುಕ್ಕಿನಲ್ಲಿ ಶಾಯಿಯಿಂದ ಇರಲಿ. ಬಿಡಿ ಹಾಳೆ ಬೇಡ.

ಖರ್ಚಿನ ವಿಷಯ ನೀವು ಹೆದರಿದಷ್ಟು ಇಲ್ಲ. 2021ರ ಸೆಪ್ಟೆಂಬರಿನಲ್ಲಿ ನಿಯಮ ತಿದ್ದುಪಡಿಯಾಗಿ ಶಿಕ್ಷಣ ಸಂಸ್ಥೆಗಳ ಶುಲ್ಕ ಶೇ 80ರಷ್ಟು ಇಳಿದಿದೆ. ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ. ಪುಟ 30 ದಾಟಿದರೆ, ಕ್ಲೇಮು 10 ದಾಟಿದರೆ ಸ್ವಲ್ಪ ಹೆಚ್ಚು. ಪೇಟೆಂಟ್ ಸಿಕ್ಕ ಮೇಲೆ, ಅರ್ಜಿಯ ದಿನದಿಂದ ಲೆಕ್ಕ ಹಾಕಿ ಮೂರನೇ ವರ್ಷದಿಂದ ನವೀಕರಣ ಶುಲ್ಕ, ಮೊದಲು ವರ್ಷಕ್ಕೆ 800 ರೂಪಾಯಿ, ಆಮೇಲೆ ಏರುತ್ತಾ ಹೋಗುತ್ತದೆ. ಅರ್ಜಿಯ ದಿನದಿಂದ 20 ವರ್ಷ ಆಯುಸ್ಸು. ದೊಡ್ಡ ಖರ್ಚು ಸರ್ಕಾರದ್ದಲ್ಲ, ವಿವರಣೆ ಬರೆದುಕೊಡುವ ಪೇಟೆಂಟ್ ಏಜೆಂಟರದು. ಅದನ್ನು ವಿಶ್ವವಿದ್ಯಾಲಯವೇ ಕೊಡಬೇಕು. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. 2024ರ ತಿದ್ದುಪಡಿಯ ನಂತರದ ಅರ್ಜಿಗಳಿಗೆ ಪರೀಕ್ಷೆಯ ಕೋರಿಕೆಯನ್ನು 31 ತಿಂಗಳೊಳಗೆ ಹಾಕಬೇಕು, ಮರೆತರೆ ಅರ್ಜಿ ಹಿಂಪಡೆದಂತೆ. ಹೊರದೇಶದಲ್ಲಿ ಬೇಕಿದ್ದರೆ ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಹೆಜ್ಜೆ ಇಡಬೇಕು, ಆ ಖರ್ಚು ಲಕ್ಷಗಳಲ್ಲಿ. ಕೊಳ್ಳುವ ಕಂಪನಿ ಎದುರಿಗಿಲ್ಲದೆ ಅದಕ್ಕೆ ಕೈ ಹಾಕಬೇಡಿ.

ಆ ಫೋನ್ ಕರೆಯ ಬಗ್ಗೆ. ತಿಂಗಳೊಳಗೆ ಪ್ರಕಟ ಮಾಡಿಸುವುದು ಸಾಧ್ಯ. ಅದಕ್ಕೆಂದೇ ಒಂದು ಫಾರಂ ಇದೆ, ಶುಲ್ಕ ಕಟ್ಟಿದರೆ ಯಾರ ಅರ್ಜಿಯಾದರೂ ಬೇಗ ಪ್ರಕಟವಾಗುತ್ತದೆ. ಪ್ರಕಟವಾಯಿತು ಎಂದರೆ ಯಾರೋ ಓದಿ ಒಪ್ಪಿದರು ಎಂದಲ್ಲ. ಪರೀಕ್ಷಕರು ಅದನ್ನು ತೆರೆದೂ ನೋಡಿರುವುದಿಲ್ಲ. ಬಡ್ತಿಯ ಅಂಕಕ್ಕಾಗಿ, ಸಂಸ್ಥೆಯ ಶ್ರೇಯಾಂಕಕ್ಕಾಗಿ ಒಂದು ಅರ್ಜಿಯಲ್ಲಿ ಎಂಟು ಹತ್ತು ಅಪರಿಚಿತರ ಹೆಸರು ಸೇರಿಸಿ ಹಣ ಪಡೆಯುವವರಿದ್ದಾರೆ. ವಸ್ತುವಿನ ಹೊರರೂಪಕ್ಕೆ ಸಿಗುವ ವಿನ್ಯಾಸ ನೋಂದಣಿಯನ್ನು ಪೇಟೆಂಟ್ ಎಂದು ಹೇಳಿ ಕೊಡುವವರೂ ಇದ್ದಾರೆ. ನಿಮ್ಮ ಮೂರು ವರ್ಷದ ಕೆಲಸವನ್ನು ಅಂಥ ಕೈಗೆ ಕೊಟ್ಟರೆ, ತೆಳುವಾದ ವಿವರಣೆಯೊಂದು ನಿಮ್ಮ ಹೆಸರಿನಲ್ಲೇ ಪ್ರಕಟವಾಗಿ, ಮುಂದೆ ನೀವು ಹಾಕುವ ಒಳ್ಳೆಯ ಅರ್ಜಿಗೆ ಅದೇ ಅಡ್ಡ ನಿಲ್ಲುತ್ತದೆ. ಬೇಡ ಎನ್ನಿ.

ಕೊನೆಯದಾಗಿ ಉಪಯೋಗ. ವಿಶ್ವವಿದ್ಯಾಲಯಗಳ ಬಹುಪಾಲು ಪೇಟೆಂಟುಗಳಿಂದ ಒಂದು ರೂಪಾಯಿಯೂ ಬರುವುದಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಬಂದ ಕಡೆ ಅದರ ಹಿಂದೆ ಬಳಸುವವರು ಇದ್ದರು. ನೀರಿನ ಪೀಡೆನಾಶಕಗಳನ್ನು ಬೆಳ್ಳಿ, ಚಿನ್ನದ ನ್ಯಾನೋಕಣಗಳಿಂದ ತೆಗೆಯುವ ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡದ ಕೆಲಸ 2007ರಲ್ಲಿ ಮನೆಮನೆಯ ಫಿಲ್ಟರಾಗಿ ಮಾರುಕಟ್ಟೆಗೆ ಬಂತು, ಏಕೆಂದರೆ ಫಿಲ್ಟರ್ ಮಾಡುವ ಕಂಪನಿಗೆ ಅದು ಬೇಕಿತ್ತು. ನಿಮ್ಮ ಪಟ್ಟಿಗೂ ಬಳಸುವವರಿದ್ದಾರೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಸ್ಥಳದಲ್ಲೇ ನೀರು ಪರೀಕ್ಷಿಸುವ ಕಿಟ್ಟಿನ ತರಬೇತಿ ಕೊಡುವ ವ್ಯವಸ್ಥೆ ಇದೆ. ಆ ಕಿಟ್ಟುಗಳನ್ನು ತಯಾರಿಸುವವರೇ ನಿಮ್ಮ ಪರವಾನಗಿ ಪಡೆಯಬಲ್ಲವರು. ಹಣ ಬೇಡ, ಎಲ್ಲರೂ ಉಚಿತವಾಗಿ ಮಾಡಿಕೊಳ್ಳಲಿ ಎಂಬುದು ನಿಮ್ಮ ಇಚ್ಛೆಯಾದರೆ ಅದೂ ಗೌರವದ ದಾರಿ: ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು ಎಲ್ಲವನ್ನೂ ಪೂರ್ಣವಾಗಿ ಪ್ರಕಟಿಸಿಬಿಡಿ, ಆಮೇಲೆ ಅದೇ ಪಟ್ಟಿಗೆ ಬೇರೆ ಯಾರೂ ಪೇಟೆಂಟ್ ಪಡೆಯಲಾರರು. ಆದರೆ ಪೇಟೆಂಟ್ ಗುಣಮಟ್ಟದ ಕಾವಲೂ ಆಗಬಲ್ಲದು. ಆಹಾರಕ್ಕೆ ಅತಿನೇರಳೆ ಬೆಳಕು ಹಾಯಿಸಿ ವಿಟಮಿನ್ ಡಿ ಹೆಚ್ಚಿಸುವುದನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ 1924ರಲ್ಲಿ ತೋರಿಸಿ, ಸ್ವಂತ ಹಣದಿಂದ ಪೇಟೆಂಟಿಗೆ ಹೋದದ್ದರ ಹಿಂದೆ ಸಿಕ್ಕವರ ಕೈಯಲ್ಲಿ ಅದು ಕೆಡಬಾರದೆಂಬ ಕಾಳಜಿ ಇತ್ತು. ಕಳಪೆ ಪಟ್ಟಿಯೊಂದು ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಬಾವಿಯನ್ನು ಸುರಕ್ಷಿತ ಎಂದು ತೋರಿಸಿದರೆ ಏನಾಗುತ್ತದೆ ಎಂದು ನಿಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ಅದಕ್ಕಾಗಿಯೇ ಒಂದು ಪ್ರಯೋಗ ಕೇಳುತ್ತೇನೆ, ಪತ್ರದಲ್ಲಿ ಅದರ ಮಾತಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು. ನಿಮ್ಮ ಪಟ್ಟಿಯಲ್ಲಿ 1ರ ಬಣ್ಣವನ್ನೂ 1.5ರ ಬಣ್ಣವನ್ನೂ ಬಿಸಿಲಿನಲ್ಲಿ ನಿಂತ ಮಹಿಳೆಯೊಬ್ಬರು ಬರಿಗಣ್ಣಿನಿಂದ ಬೇರ್ಪಡಿಸಬಲ್ಲರೇ? ಪಟ್ಟಿ ಮಾಡಿ ಆರು ತಿಂಗಳಾದ ಮೇಲೆಯೂ? ಇಂದು ಮಾಡಿದ ಐವತ್ತು ಪಟ್ಟಿಗಳನ್ನು ಬಣ್ಣದ ಗಾಜಿನ ಬಾಟಲಿಯಲ್ಲಿ ಹಾಕಿ, ಮೇಲೆ ದಿನಾಂಕ ಬರೆದು, ಏಪ್ರಿಲ್ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಿ. ಪೂರ್ಣ ವಿವರಣೆ ಬರೆಯಲು ಕೂರುವ ದಿನ ಆ ಬಾಟಲಿ ನಿಮ್ಮ ಮೇಜಿನ ಮೇಲೆ ಇರಬೇಕು.